ಮಂಡ್ಯದ ಸಕ್ಕರೆ, ಬೋಧನ್ ಸಕ್ಕರೆ

ಗಚ್ಚಿಬೌಲಿ, ಕೊಂಡಾಪುರದಲ್ಲಿರೋ ನಮ್ಮವರಿಗೆ ಮೊದಲು ಒಂದು ಪ್ರಶ್ನೆ. ಸಕ್ಕರೆ ಅಂದ ಕೂಡಲೇ ನೆನಪಾಗೋ ಊರು ಯಾವುದು? ಮಂಡ್ಯ ತಾನೇ? ನೀವೀಗ ಇರೋ ತೆಲಂಗಾಣದಲ್ಲೂ ಅಂಥದ್ದೇ ಒಂದು ಊರಿದೆ: ನಿಜಾಮಾಬಾದ್ ಜಿಲ್ಲೆಯ ಬೋಧನ್. ಅಲ್ಲಿ ಕಾರ್ಖಾನೆ ಇರೋ ಜಾಗದ ಹೆಸರೇ ಶಕ್ಕರ್‌ನಗರ.

ಎರಡೂ ಊರಿನ ಕಥೆ ಶುರುವಾಗೋದು ನೀರಿನಿಂದ. ಮೈಸೂರು ಸಂಸ್ಥಾನ ಕಾವೇರಿಗೆ ಕನ್ನಂಬಾಡಿ ಕಟ್ಟೆ ಕಟ್ಟಿತು. ಹೈದರಾಬಾದ್ ಸಂಸ್ಥಾನ ನಮ್ಮ ಬೀದರ್ ಜಿಲ್ಲೆ ಹಾದು ಬರುವ ಮಾಂಜ್ರಾ ನದಿಗೆ ನಿಜಾಂಸಾಗರ ಕಟ್ಟಿತು. ಅಲಿ ನವಾಜ್ ಜಂಗ್ ಅದರ ಇಂಜಿನಿಯರ್. ಕೆಲಸ ಮುಗಿದದ್ದು 1931ರಲ್ಲಿ. ನಾಲೆಗೆ ನೀರು ಬಂತು, ಕಬ್ಬು ಬೆಳೆಯಬಹುದು. ಆದರೆ ಕೊಳ್ಳೋರು ಬೇಕಲ್ಲ?

ಆ ಕಾಲದಲ್ಲಿ ಭಾರತಕ್ಕೆ ಬಿಳಿ ಸಕ್ಕರೆ ಹೆಚ್ಚಾಗಿ ಬರ್ತಿದ್ದದ್ದು ಜಾವಾದಿಂದ. 1932ರ ಕಾನೂನು ಹೊರಗಿನ ಸಕ್ಕರೆಯ ಮೇಲೆ ಭಾರಿ ಸುಂಕ ಹಾಕಿ ದೇಶಿ ಕಾರ್ಖಾನೆಗಳಿಗೆ ರಕ್ಷಣೆ ಕೊಟ್ಟಿತು. ಕೆಲವೇ ವರ್ಷಗಳಲ್ಲಿ ಕಾರ್ಖಾನೆಗಳ ಸಂಖ್ಯೆ ನೂರು ದಾಟಿತು. 1933ರಲ್ಲಿ ಮಂಡ್ಯದ ಮೈಸೂರು ಸಕ್ಕರೆ ಕಂಪನಿ, 1937ರಲ್ಲಿ ಬೋಧನ್‌ನ ನಿಜಾಂ ಶುಗರ್ ಫ್ಯಾಕ್ಟರಿ ಹುಟ್ಟಿದವು. ಏಷ್ಯಾದಲ್ಲೇ ದೊಡ್ಡದು ಅನ್ನೋ ಹೆಸರು ಬೋಧನ್‌ಗೆ ಬಂತು.

ಇಲ್ಲಿ ಒಂದು ಸೂಕ್ಷ್ಮ ಇದೆ. ಕಡಿದ ಕಬ್ಬು ಕಾಯೋದಿಲ್ಲ. ದಿನ ಕಳೆದಂತೆ ತೂಕವೂ ಇಳಿಯುತ್ತೆ, ಸಿಹಿಯೂ ಇಳಿಯುತ್ತೆ. ಭತ್ತದ ಹಾಗೆ ಮನೆಯಲ್ಲಿಟ್ಟು ಒಳ್ಳೆ ರೇಟ್ ಬಂದಾಗ ಮಾರೋಣ ಅಂದ್ರೆ ಆಗಲ್ಲ. ಹತ್ತಿರದ ಕಾರ್ಖಾನೆ ನಿಂತರೆ ದೂರದ ಕಾರ್ಖಾನೆಗೆ ಲಾರಿ ಬಾಡಿಗೆ ಕೊಟ್ಟು ಸಾಗಿಸಬೇಕು, ಇಲ್ಲಾ ಬೆಳೆಯನ್ನೇ ಬದಲಾಯಿಸಬೇಕು.

ಬೋಧನ್‌ನಲ್ಲಿ ಆದದ್ದು ಅದೇ. 2002ರಲ್ಲಿ ನಿಜಾಂ ಶುಗರ್ಸ್‌ನ ಶೇ. 51 ಪಾಲು ಖಾಸಗಿ ಕೈಗೆ ಹೋಯಿತು. 2015ರ ಡಿಸೆಂಬರ್‌ನಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಕಾರ್ಮಿಕರೂ ಬೀದಿಗೆ ಬಂದರು. ಮಂಡ್ಯದ ಮೈಶುಗರ್ ಕೂಡ ನಷ್ಟದಲ್ಲಿ ವರ್ಷಗಟ್ಟಲೆ ನಿಂತಿತ್ತು. ಅದನ್ನ ಖಾಸಗಿಗೆ ಕೊಡೋ ಮಾತು ಬಂದಾಗ ರೈತರು ಹೋರಾಟಕ್ಕಿಳಿದರು; 2022ರಲ್ಲಿ ಸರ್ಕಾರವೇ ಮತ್ತೆ ಕಬ್ಬು ಅರೆಯೋಕೆ ಶುರು ಮಾಡಿತು. ಹಾಗಂತ ಅಲ್ಲಿ ಕಷ್ಟ ತೀರಿತು ಅಂತಲ್ಲ. ಆದರೆ ಬಾಗಿಲು ತೆರೆದಿದ್ದರೆ ಸುಧಾರಿಸೋಕೆ ದಾರಿ ಇರುತ್ತೆ.

ಕಾರ್ಖಾನೆಯ ಲಾಭ ನಷ್ಟ ಅದರ ಲೆಕ್ಕದ ಪುಸ್ತಕದಲ್ಲಿರುತ್ತೆ. ಅಣೆಕಟ್ಟು, ನಾಲೆ, ಸುತ್ತಲ ಹೊಲಗಳ ಲೆಕ್ಕ ಅದರಲ್ಲಿ ಇರೋದಿಲ್ಲ. ಮಕ್ಕಳ ಅಕ್ಷರಾಭ್ಯಾಸಕ್ಕೆ ಬಾಸರಕ್ಕೆ ಹೋದಾಗ, ನಿಜಾಮಾಬಾದ್‌ನಿಂದ ಬೋಧನ್ ಕಡೆಗೂ ಒಮ್ಮೆ ಹೋಗಿ ಬನ್ನಿ. ಮಂಡ್ಯ ಕಂಡವರಿಗೆ ಆ ಊರು ಬೇಗ ಅರ್ಥವಾಗುತ್ತೆ.

ಮುಂದಿನ ವಾರ ಸಿಗೋಣ.