ಹಕ್ಕಿ ಬಿಟ್ಟು ಕೊಂಬೆ

ಹಕ್ಕಿಗಳ ಫೋಟೊ ತೆಗೆಯುವವರ ಮನೆಗೆ ಹೋದರೆ ಗೋಡೆಯ ಮೇಲಿನ ಚಿತ್ರಗಳನ್ನಷ್ಟೇ ನೋಡಿ ಬರಬಾರದು. ಕಪಾಟಿನೊಳಗೆ ಬಚ್ಚಿಟ್ಟದ್ದನ್ನೂ ಕೇಳಿ ನೋಡಬೇಕು. ಎಲೆಯ ಒಂದೊಂದು ನರವೂ ಎಣಿಸುವಷ್ಟು ಸ್ಪಷ್ಟ. ಅದರ ಹಿಂದೆ ಅರಿಶಿನದ ಕಲೆಯಂತೆ ಕಾಣುವುದೇ ಹಕ್ಕಿ! ತಾನಾಗಿ ಫೋಕಸ್ ಮಾಡಿಕೊಳ್ಳುವ ಕ್ಯಾಮೆರಾದ ಪ್ರಸಾದ ಅದು.

ತಮಾಷೆಯೆಂದರೆ, ಹಿಂದಿನವರು ಬೇಕೆಂದೇ ಕೊಂಬೆಗೆ ಫೋಕಸ್ ಮಾಡುತ್ತಿದ್ದರು. ಗಾಜಿನ ಪ್ಲೇಟಿನ ಕಾಲದ ಬಹಳಷ್ಟು ಕ್ಯಾಮೆರಾಗಳಲ್ಲಿ, ತಲೆಗೆ ಕಪ್ಪು ಬಟ್ಟೆ ಹೊದ್ದು, ಮಸುಕು ಗಾಜಿನ ಮೇಲೆ ತಲೆಕೆಳಗಾಗಿ ಬಿದ್ದ ಬಿಂಬವನ್ನು ಸರಿಪಡಿಸಿಕೊಳ್ಳಬೇಕಿತ್ತು. ಆಮೇಲೆ ಅದೇ ಜಾಗಕ್ಕೆ ಪ್ಲೇಟು ತೂರಿಸಿದರೆ ಮತ್ತೇನೂ ಕಾಣದು. ಆದ್ದರಿಂದ ಹಕ್ಕಿ ಎಲ್ಲಿ ಬಂದು ಕೂರುತ್ತದೆಂದು ಮೊದಲೇ ತಿಳಿದು, ಅಲ್ಲಿಗೆ ಫೋಕಸ್ ಇಟ್ಟು, ಉಸಿರು ಬಿಗಿಹಿಡಿದು ಕಾಯಬೇಕು.

ಹಾಗೆ ಕಾದವರಲ್ಲಿ ಇಂಗ್ಲೆಂಡಿನ ಎಮ್ಮಾ ಟರ್ನರ್ ಒಬ್ಬರು. 1867ರಲ್ಲಿ ಹುಟ್ಟಿದ ಈಕೆ ನಾರ್ಫೋಕ್ ಸೀಮೆಯ ಜೌಗು ಸರೋವರದಲ್ಲಿ ದೋಣಿಮನೆ ಇಟ್ಟುಕೊಂಡು, ಭಾರದ ಕ್ಯಾಮೆರಾ ಹೊತ್ತು, ಜೊಂಡಿನ ನಡುವೆ ತಿರುಗಿದರು. ಅಲ್ಲಿ ಮೊದಲು ಫೋಟೊ ತೆಗೆದ ಹಕ್ಕಿಯ ಹೆಸರನ್ನೇ ದೋಣಿಗೂ ಇಟ್ಟರು: ವಾಟರ್ ರೇಲ್. ಬಕಪಕ್ಷಿಯ ಬಳಗಕ್ಕೆ ಸೇರಿದ ಬಿಟರ್ನ್ ಎಂಬ ಹಕ್ಕಿ ಬ್ರಿಟನ್ನಿನಲ್ಲಿ ಗೂಡು ಕಟ್ಟಿದ್ದಕ್ಕೆ ಇಪ್ಪತ್ತಕ್ಕೂ ಹೆಚ್ಚು ವರ್ಷದಿಂದ ಪುರಾವೆಯೇ ಇರಲಿಲ್ಲ. ಬೇಟೆ, ಜೌಗು ಬತ್ತಿಸುವಿಕೆ ಎರಡೂ ಸೇರಿ ಅದನ್ನು ಅಳಿಸಿಹಾಕಿದ್ದವು. 1911ರಲ್ಲಿ, ಕಾವಲುಗಾರ ಜಿಮ್ ವಿನ್ಸೆಂಟ್ ಜೊತೆ ಹುಡುಕುತ್ತಿದ್ದ ಎಮ್ಮಾಗೆ ಜೊಂಡಿನೊಳಗೆ ಅದರ ಮರಿ ಸಿಕ್ಕಿತು. ಆಕೆ ತೆಗೆದ ಫೋಟೊವೇ ಸಾಕ್ಷಿಯಾಯಿತು.  ಮರಿ ಮಸುಕಾಗಿ, ಮುಂದಿನ ಜೊಂಡು ಮಾತ್ರ ಸ್ಪಷ್ಟವಾಗಿ ಬಂದಿದ್ದರೆ? ಕಾಡಿನಲ್ಲಿ ಹೆಂಗಸು ಕಂಡೆನೆಂದದ್ದನ್ನು ಪಂಡಿತರು ಎಷ್ಟು ನಂಬುತ್ತಿದ್ದರೋ, ನನಗಂತೂ ಅನುಮಾನ.

ಫೋಕಸ್ಸಿನ ಕೆಲಸ ಯಂತ್ರದ ಕೈಗೆ ಹೋದದ್ದು 1977ರಲ್ಲಿ ಮಾರುಕಟ್ಟೆಗೆ ಬಂದ ಕೊನಿಕಾ ಸಿ35 ಎಎಫ್ ಕ್ಯಾಮೆರಾದಿಂದ. ಎರಡು ಪುಟ್ಟ ಕಿಂಡಿಗಳಿಂದ ಬಂದ ಬಿಂಬಗಳನ್ನು ಹೋಲಿಸಿ ಅದು ದೂರವನ್ನು ಅಳೆಯುತ್ತಿತ್ತು. ಚೌಕಟ್ಟಿನ ನಡುವೆ ಇದ್ದದ್ದಷ್ಟೇ ಅದಕ್ಕೆ ಲೆಕ್ಕ. ಇಂಥ ಕ್ಯಾಮೆರಾಗಳ ಮದುವೆಯ ಫೋಟೊ ನಿಮ್ಮ ಆಲ್ಬಮ್ಮಿನಲ್ಲೂ ಇರಬಹುದು: ವಧೂವರರ ನಡುವಿನ ಸಂದಿಯಲ್ಲಿ ಹಿಂದಿನ ಗೋಡೆ ಥಳಥಳ, ಮದುಮಕ್ಕಳಿಬ್ಬರೂ ಮಂಜು! 1985ರ ಮಿನೋಲ್ಟಾ 7000 ಬಂದ ಮೇಲೆ, ಮಸೂರ ಬದಲಿಸುವ ದೊಡ್ಡ ಕ್ಯಾಮೆರಾಗಳಿಗೂ ಈ ಸವಲತ್ತು ಹಬ್ಬಿತು. ಹಕ್ಕಿ ಛಾಯಾಗ್ರಾಹಕರ ಪಾಡು ಶುರುವಾದದ್ದೂ ಆಗಲೇ. ಯಂತ್ರಕ್ಕೆ ಬೇಕಾದದ್ದು ಬೆಳಕು ನೆರಳಿನ ಗೆರೆ. ಮುಂದೆ ಚಾಚಿದ ಒಣ ಕಡ್ಡಿಯಲ್ಲಿ ಅದು ಧಾರಾಳ, ಆದ್ದರಿಂದ ಕಡ್ಡಿಯೇ ಅದರ ಕಣ್ಣಿಗೆ ಹಕ್ಕಿ. ಬರಿಯ ಆಕಾಶದಲ್ಲಿ ಗೆರೆಯೇ ಇಲ್ಲ. ಆಗ ಮಸೂರ ಕನ್ನಡಕ ಹುಡುಕುವ ಅಜ್ಜನಂತೆ ಗರಗರ ಹಿಂದೆಮುಂದೆ ತಿರುಗುತ್ತದೆ. ಅಷ್ಟರಲ್ಲಿ ಬೆಳ್ಳಕ್ಕಿ ಕೆರೆ ದಾಟಿರುತ್ತದೆ.

2020ರ ಹೊತ್ತಿಗೆ ಕ್ಯಾನನ್ ಆರ್5ನಂಥ ಕ್ಯಾಮೆರಾಗಳು ಹಕ್ಕಿಯನ್ನೇ ಗುರುತಿಸಿ ಅದರ ಕಣ್ಣಿಗೆ ಫೋಕಸ್ ಮಾಡತೊಡಗಿದವು. ಕಪಾಟಿನೊಳಗಿನ ರಾಶಿ ಕಡಿಮೆಯಾಯಿತು, ನಿಜ. ಆದರೆ ಬಿಟರ್ನ್ ಹೆದರಿದಾಗ ಕೊಕ್ಕನ್ನು ಆಕಾಶಕ್ಕೆತ್ತಿ ನೆಟ್ಟಗೆ ನಿಂತುಬಿಡುತ್ತದೆ. ಕತ್ತಿನ ಕಂದು ಪಟ್ಟೆಗಳು ಜೊಂಡಿನ ಗೆರೆಗಳಲ್ಲೇ ಕರಗಿಹೋಗುತ್ತವೆ. ಅಂಥಲ್ಲಿ ಪಳಗಿದವರು ಈಗಲೂ ಆಟೋಫೋಕಸ್ಸಿನ ಗುಂಡಿ ಆರಿಸಿ, ಮಸೂರದ ಬಳೆಯನ್ನು ಕೈಯಲ್ಲೇ ತಿರುಗಿಸುತ್ತಾರೆ.