ಎಂಡೋಸಲ್ಫಾನ್ ನಿಂತಿತು, ಡ್ರಮ್ಮುಗಳು ಉಳಿದವು: ವಿಷದ ಪರವಾನಗಿಯ ಇತಿಹಾಸ

ಕಾಸರಗೋಡಿನ ಎಂಡೋಸಲ್ಫಾನ್ ಎಂದ ಕೂಡಲೇ ನಮಗೆ ನೆನಪಾಗುವುದು ಹೆಲಿಕಾಪ್ಟರ್, ಗೇರು ತೋಟ ಮತ್ತು ಹಾಸಿಗೆ ಹಿಡಿದ ಮಕ್ಕಳು. ಈ ಬಗ್ಗೆ ಕನ್ನಡದಲ್ಲೂ ಮಲಯಾಳದಲ್ಲೂ ಸಾಕಷ್ಟು ಬರೆದಿದ್ದಾರೆ. ಅದೇ ಕಥೆಯ ಇನ್ನೊಂದು ಭಾಗ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಸಿಂಪಡಣೆ ನಿಂತ ದಿನ ಗೋದಾಮಿನಲ್ಲಿ ಉಳಿದಿದ್ದ ವಿಷ ಏನಾಯಿತು? ಅದನ್ನು ಇಟ್ಟುಕೊಳ್ಳಲು, ಲಾರಿಯಲ್ಲಿ ಸಾಗಿಸಲು, ನಾಶ ಮಾಡಲು ಯಾರು ಯಾರಿಂದ ಅನುಮತಿ ಪಡೆಯಬೇಕಿತ್ತು?

ಇದು ಬರೀ ಸರಕಾರಿ ಕಡತದ ವಿಷಯವಲ್ಲ. ಅಡಿಕೆ ತೋಟ, ಲಾರಿ ಸಾಗಾಟ, ಗುಜರಿ ವ್ಯಾಪಾರ ಇವೆಲ್ಲ ನಮ್ಮ ಬ್ಯಾರಿ ಮನೆಗಳ ಅನ್ನದ ದಾರಿಗಳು. ವಿಷದ ಡಬ್ಬಿ ಈ ಮೂರನ್ನೂ ಹಾದು ಹೋಗುತ್ತದೆ. ಹಾಗಾಗಿ ಈ ಕಾನೂನು ಹೇಗೆ ಹುಟ್ಟಿತು, ನಮ್ಮ ಊರಿನಲ್ಲಿ ಎಲ್ಲಿ ಎಡವಿತು ಎಂದು ತಿಳಿದುಕೊಳ್ಳುವುದು ಒಳ್ಳೆಯದು.

ಹಿಟ್ಟಿನ ಜೊತೆ ಬಂದ ವಿಷ

ಕಥೆ ಶುರುವಾಗುವುದು ಕೇರಳದಲ್ಲೇ, 1958ರಲ್ಲಿ. ಆ ವರ್ಷ ಮುಂಬಯಿಯಿಂದ ಕೊಚ್ಚಿಗೆ ಹೊರಟ ಹಡಗೊಂದರಲ್ಲಿ ಗೋಧಿ ಹಿಟ್ಟಿನ ಮೂಟೆಗಳ ಜೊತೆಗೇ ಫಾಲಿಡಾಲ್ ಎಂಬ ಕೀಟನಾಶಕವನ್ನೂ ತುಂಬಿದ್ದರು. ಫಾಲಿಡಾಲ್ ಎಂದರೆ ಪ್ಯಾರಾಥಿಯಾನ್, ಬಹಳ ಉಗ್ರವಾದ ವಿಷ. ಅದು ಸೋರಿ ಹಿಟ್ಟಿಗೆ ಸೇರಿತು. ಆ ಹಿಟ್ಟಿನ ತಿಂಡಿ ತಿಂದವರಲ್ಲಿ ನೂರಕ್ಕೂ ಹೆಚ್ಚು ಮಂದಿ ತೀರಿಕೊಂಡರು. ನ್ಯಾಯಮೂರ್ತಿ ಜೆ. ಸಿ. ಷಾ ಅವರ ನೇತೃತ್ವದಲ್ಲಿ ವಿಚಾರಣಾ ಆಯೋಗ ಕೂತಿತು. ಕೀಟನಾಶಕದ ತಯಾರಿ, ಮಾರಾಟ, ಸಾಗಾಟಕ್ಕೆ ದೇಶದಲ್ಲಿ ಸರಿಯಾದ ಕಾನೂನೇ ಇಲ್ಲ ಎಂಬುದು ಆಗ ಎಲ್ಲರಿಗೂ ಗೊತ್ತಾಯಿತು.

ಹತ್ತು ವರ್ಷದ ನಂತರ 1968ರಲ್ಲಿ ಕೀಟನಾಶಕ ಕಾಯ್ದೆ ಬಂತು, 1971ರಲ್ಲಿ ಅದರ ನಿಯಮಗಳು ಬಂದವು. ಕೀಟನಾಶಕ ನೋಂದಣಿ ಆಗಬೇಕು, ತಯಾರಕನಿಗೂ ಮಾರುವವನಿಗೂ ಲೈಸೆನ್ಸ್ ಇರಬೇಕು, ಆಹಾರದ ಜೊತೆ ಅದನ್ನು ಸಾಗಿಸಬಾರದು ಎಂದಾಯಿತು. ಪೇಟೆಯ ಗೊಬ್ಬರದ ಅಂಗಡಿಯ ಗೋಡೆಯಲ್ಲಿ ತೂಗುವ ಆ ಲೈಸೆನ್ಸಿನ ಹಿಂದೆ 1958ರ ಸಾವುಗಳಿವೆ.

ಈ ನಿಯಮಗಳ ಎರಡು ಅಂಶ ನಮ್ಮ ಕಥೆಗೆ ಮುಖ್ಯ. ಒಂದು, ಆಕಾಶದಿಂದ ಸಿಂಪಡಿಸುವುದಾದರೆ ಕಡಿಮೆಯೆಂದರೆ 24 ಗಂಟೆ ಮೊದಲು ಜನರಿಗೆ ತಿಳಿಸಬೇಕು, ಸಿಂಪಡಿಸುವ ಜಾಗವನ್ನು ಗುರುತು ಮಾಡಬೇಕು, ಸಂಬಂಧವಿಲ್ಲದ ಜನರೂ ಜಾನುವಾರುಗಳೂ ಒಳಗೆ ಬಾರದಂತೆ ತಡೆಯಬೇಕು. ಇನ್ನೊಂದು, ಖಾಲಿ ಡಬ್ಬಿಗಳ ಕುರಿತಾದದ್ದು. ಅವನ್ನು ಯಾರೂ ಮತ್ತೆ ಬಳಸದ ಹಾಗೆ ಒಡೆದು, ಜನವಸತಿಯಿಂದ ದೂರ ಹೂಳಬೇಕು ಎಂದಿತ್ತು. ಈ ‘ಹೂಳಬೇಕು’ ಎಂಬ ಮಾತನ್ನು ನೆನಪಿಡಿ.

ಗುಡ್ಡದ ಮೇಲೆ ಹೆಲಿಕಾಪ್ಟರ್

ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ 1962ರಲ್ಲಿ ಸ್ಥಾಪನೆಯಾದ ಸರಕಾರಿ ಸಂಸ್ಥೆ. ಕಾಸರಗೋಡಿನಲ್ಲಿ ನಾಲ್ಕೂವರೆ ಸಾವಿರ ಹೆಕ್ಟೇರಿಗೂ ಮಿಕ್ಕಿ ಅದರ ಗೇರು ತೋಟ. ಗೇರಿನ ಚಿಗುರನ್ನೂ ಹೂವನ್ನೂ ಹೀರುವ ಟೀ ಸೊಳ್ಳೆ ಎಂಬ ಕೀಟಕ್ಕೆ ಮದ್ದು ಎಂದು 1970ರ ದಶಕದ ಕೊನೆಯಿಂದ 2000ದ ತನಕ ವರ್ಷಕ್ಕೆ ಎರಡು ಮೂರು ಸಲ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಹೊಡೆದರು. ಗಡಿಯ ಈಚೆ ದಕ್ಷಿಣ ಕನ್ನಡದ ಗೇರು ಅಭಿವೃದ್ಧಿ ನಿಗಮದ ತೋಟಗಳಲ್ಲೂ ಇದೇ ನಡೆಯಿತು. ಕೊಕ್ಕಡ, ಪಟ್ರಮೆ ಕಡೆಯ ಮನೆಗಳಿಗೆ ಅದರ ನೋವು ಗೊತ್ತಿದೆ.

ನಿಯಮ ಕಾಗದದಲ್ಲಿ ಚೆನ್ನಾಗಿತ್ತು. ಆದರೆ ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆಯಂಥ ಊರುಗಳು ಸಮತಟ್ಟಾದ ಬಯಲಲ್ಲ. ಗುಡ್ಡದ ನೆತ್ತಿಯಲ್ಲಿ ಗೇರು, ಇಳಿಜಾರಿನಲ್ಲಿ ಮನೆ, ಕೆಳಗೆ ಅಡಿಕೆ ತೋಟ ಮತ್ತು ತೋಡು. ಇಲ್ಲಿಯ ಜನ ಕುಡಿಯುವುದು ಬಾವಿಯ ನೀರು, ಇಲ್ಲವೇ ಗುಡ್ಡ ಕೊರೆದು ಮಾಡಿದ ಸುರಂಗದ ನೀರು. ಬಾವಿಗೆ ಮುಚ್ಚಿಗೆ ಹಾಕಬಹುದು. ಸುರಂಗದಿಂದ ಹರಿದು ಬರುವ ನೀರಿಗೆ, ಮದಕಕ್ಕೆ, ಮಸೀದಿಯ ಕೆರೆಗೆ ಏನು ಮುಚ್ಚುವುದು? ಜನರಿಗೆ ತಿಳಿಸಬೇಕು ಎಂದಿದ್ದ ನಿಯಮ, ಕನ್ನಡ, ತುಳು, ಬ್ಯಾರಿ, ಮಲಯಾಳ, ಮರಾಠಿ ಎಲ್ಲ ಆಡುವ ಊರಿನಲ್ಲಿ ಯಾವ ಭಾಷೆಯಲ್ಲಿ ತಿಳಿಸಬೇಕು ಎಂಬುದನ್ನು ಹೇಳಿರಲಿಲ್ಲ.

ಪಡ್ರೆಯ ಕೃಷಿಕ, ಪತ್ರಕರ್ತ ಶ್ರೀಪಡ್ರೆಯವರು 1980ರ ದಶಕದ ಆರಂಭದಲ್ಲೇ ಇದರ ಬಗ್ಗೆ ಬರೆದು ಎಚ್ಚರಿಸಿದರು. ಅದೇ ಊರಿನ ಕಡೆ ವೈದ್ಯರಾಗಿದ್ದ ಡಾ. ವೈ. ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುತ್ತಿದ್ದ ಕಾಯಿಲೆಗಳಲ್ಲಿ ಏನೋ ಅಸಹಜ ಇದೆ ಎಂದು ಗುರುತಿಸಿದರು. ಪೆರಿಯ ಕಡೆಯ, ಕೃಷಿ ಇಲಾಖೆಯಲ್ಲೇ ಕೆಲಸಕ್ಕಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ಮುನ್ಸಿಫ್ ಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದರು. 2000ದ ಡಿಸೆಂಬರಿನ ನಂತರ ಹೆಲಿಕಾಪ್ಟರ್ ಬರಲಿಲ್ಲ. 2011ರ ಫೆಬ್ರವರಿಯಲ್ಲಿ ಕರ್ನಾಟಕ ಎಂಡೋಸಲ್ಫಾನನ್ನು ನಿಷೇಧಿಸಿತು. ಅದೇ ವರ್ಷ ಮೇ 13ರಂದು ಸುಪ್ರೀಂ ಕೋರ್ಟ್ ಇಡೀ ದೇಶದಲ್ಲಿ ಅದರ ತಯಾರಿ, ಮಾರಾಟ, ಬಳಕೆಗೆ ತಡೆ ಹಾಕಿತು.

ಕಸಕ್ಕೂ ಒಂದು ಕಾನೂನು

ಇತ್ತ 1984ರಲ್ಲಿ ಭೋಪಾಲ ನಡೆಯಿತು. ಅದರ ಬೆನ್ನಿಗೆ 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ, ಅದರಡಿ 1989ರ ಜುಲೈಯಲ್ಲಿ ಅಪಾಯಕಾರಿ ತ್ಯಾಜ್ಯಗಳ ನಿಯಮ ಬಂತು. ಕಾರ್ಖಾನೆಯಿಂದ ಹೊರಬೀಳುವ ವಿಷದ ಕಸವೂ ಲೆಕ್ಕಕ್ಕೆ ಸಿಗಬೇಕಾದ ವಸ್ತು ಎಂದು ದೇಶದ ಕಾನೂನು ಸ್ಪಷ್ಟವಾಗಿ ಹೇಳಿದ್ದು ಆಗಲೇ. ಆ ನಿಯಮ 18 ವರ್ಗದ ತ್ಯಾಜ್ಯಗಳನ್ನು ಪಟ್ಟಿ ಮಾಡಿತು. ಕೊನೆಯ ಎರಡು ವರ್ಗಗಳನ್ನು ನೋಡಿ: ಬಳಕೆಗೆ ಬಾರದೆ ಬಿಸಾಡಿದ ಉತ್ಪನ್ನಗಳು, ಮತ್ತು ವಿಷಕಾರಿ ವಸ್ತು ತುಂಬಿದ್ದ ಖಾಲಿ ಡಬ್ಬಿಗಳು.

ಇಂಥ ತ್ಯಾಜ್ಯ ಇಟ್ಟುಕೊಂಡವನು ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಅಧಿಕಾರ ಪತ್ರ ಪಡೆಯಬೇಕು. ಪಡೆದವನು, ಸಾಗಿಸುವವನು, ನಾಶ ಮಾಡುವವನು ಪ್ರತಿಯೊಬ್ಬನೂ ಲೆಕ್ಕ ಕೊಡಬೇಕು. ವಿಲೇವಾರಿಗೆ ಜಾಗ ಹುಡುಕಿ ಕೊಡುವ ಹೊಣೆ ರಾಜ್ಯ ಸರಕಾರದ್ದು.

ಇಲ್ಲಿ ಒಂದು ತೊಡಕು ಹುಟ್ಟಿಕೊಂಡಿತು. ಕೃಷಿ ಇಲಾಖೆಯ ಕೈಯಲ್ಲಿದ್ದ 1971ರ ನಿಯಮ ಖಾಲಿ ಡಬ್ಬಿಯನ್ನು ಒಡೆದು ಹೂಳು ಎನ್ನುತ್ತಿತ್ತು. ಪರಿಸರ ಇಲಾಖೆಯ 1989ರ ನಿಯಮದಲ್ಲಿ ಅಂಥದೇ ಡಬ್ಬಿ ಅಪಾಯಕಾರಿ ತ್ಯಾಜ್ಯ, ಅನುಮತಿ ಇಲ್ಲದೆ ಎಲ್ಲೂ ಹಾಕುವಂತಿಲ್ಲ. ತೋಟದ ಮಾಲಿಕನ ಕಣ್ಣಿಗೆ ಅದು ಉಳಿದ ಮದ್ದು, ಕಾನೂನಿನ ಕಣ್ಣಿಗೆ ಅದು ಯಾವಾಗ ತ್ಯಾಜ್ಯ ಆಗುತ್ತದೆ ಎಂಬುದು ಹಳ್ಳಿಯ ಮಟ್ಟದಲ್ಲಿ ಯಾರಿಗೂ ಸ್ಪಷ್ಟ ಇರಲಿಲ್ಲ.

ನಿಯಮ ಬಂದು ವರ್ಷಗಳಾದರೂ ಜಾರಿ ಆಗಲಿಲ್ಲ. 1995ರಲ್ಲಿ ಸುಪ್ರೀಂ ಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೋಯಿತು. 1997ರಲ್ಲಿ ಕೋರ್ಟು ವಿಜ್ಞಾನಿ ಎಂ. ಜಿ. ಕೆ. ಮೆನನ್ ಅವರ ಅಧ್ಯಕ್ಷತೆಯಲ್ಲಿ ಉನ್ನತಾಧಿಕಾರ ಸಮಿತಿ ನೇಮಿಸಿತು. ಈ ಮೆನನ್ ಹುಟ್ಟಿದ್ದು ನಮ್ಮ ಮಂಗಳೂರಿನಲ್ಲಿ. ಸಮಿತಿಯ ವರದಿಯ ಮೇಲೆ 2003ರ ಅಕ್ಟೋಬರ್ 14ರಂದು ಕೋರ್ಟು ವಿಸ್ತಾರವಾದ ಆದೇಶ ಕೊಟ್ಟಿತು. ಅನುಮತಿ ಇಲ್ಲದೆ ಇಂಥ ತ್ಯಾಜ್ಯ ಹುಟ್ಟಿಸುವ ಘಟಕಗಳನ್ನು ಮುಚ್ಚಿಸಲು ಮಂಡಳಿಗಳು ಓಡಾಡಿದ್ದು ಆ ಮೇಲೆಯೇ. ಕೊಚ್ಚಿ ಹತ್ತಿರದ ಅಂಬಲಮೇಡಿನಲ್ಲಿ ಕೇರಳದ ವಿಲೇವಾರಿ ಕೇಂದ್ರ ಶುರುವಾಗುವಾಗ 1989ರ ನಿಯಮಕ್ಕೆ ಸುಮಾರು ಇಪ್ಪತ್ತು ವರ್ಷ ಆಗಿತ್ತು. ಅದೂ ಮುಖ್ಯವಾಗಿ ಭದ್ರವಾಗಿ ಹೂಳುವ ಜಾಗ. ಎಂಡೋಸಲ್ಫಾನಿನಂಥ ಕ್ಲೋರಿನ್ ಇರುವ ವಿಷವನ್ನು ಸುಡಬೇಕಾದರೆ ಸಾವಿರ ಡಿಗ್ರಿಗೂ ಮೇಲಿನ ಉಷ್ಣದ ವಿಶೇಷ ಕುಲುಮೆ ಬೇಕು. ಸಾಮಾನ್ಯ ಬೆಂಕಿಯಲ್ಲಿ ಸುಟ್ಟರೆ ಡಯಾಕ್ಸಿನ್ ಎಂಬ ಇನ್ನೂ ಕೆಟ್ಟ ವಿಷ ಹುಟ್ಟಬಹುದು.

ಗೋದಾಮು ಮತ್ತು ಬಾವಿ

ಹೀಗಾಗಿ 2000ದಲ್ಲಿ ಉಳಿದ ಎಂಡೋಸಲ್ಫಾನ್ ಪೆರಿಯ, ರಾಜಪುರ, ಚೀಮೇನಿಯ ಗೋದಾಮುಗಳಲ್ಲೇ ಕೂತಿತು. ಎಲ್ಲ ಸೇರಿ ಸಾವಿರ ಲೀಟರಿಗೂ ಮಿಕ್ಕಿ. ತುಕ್ಕು ಹಿಡಿದ ಬ್ಯಾರಲ್‌ಗಳು ಸೋರತೊಡಗಿದ ಮೇಲೆ, 2012ರ ಜೂನ್‌ನಲ್ಲಿ ‘ಆಪರೇಶನ್ ಬ್ಲಾಸಮ್ ಸ್ಪ್ರಿಂಗ್’ ಎಂಬ ಹೆಸರಿನಲ್ಲಿ ಅದನ್ನು ಗಟ್ಟಿ ಪ್ಲಾಸ್ಟಿಕ್ ಡ್ರಮ್ಮುಗಳಿಗೆ ವರ್ಗಾಯಿಸಿದರು. ಕೆಲಸಕ್ಕೆ ಬಂದವರು ಹಿಂದೂಸ್ತಾನ್ ಇನ್ಸೆಕ್ಟಿಸೈಡ್ಸ್‌ನ ತಜ್ಞರು. ಕೊಚ್ಚಿಯಲ್ಲಿ ಎಂಡೋಸಲ್ಫಾನ್ ತಯಾರಿಸುತ್ತಿದ್ದ ಸರಕಾರಿ ಕಂಪೆನಿ ಅದುವೇ.

ಹೊಸ ಡ್ರಮ್ಮಿಗೆ ಸೇರಿದ ಮಾತ್ರಕ್ಕೆ ವಿಷ ಊರು ಬಿಡಲಿಲ್ಲ. ಜಿಲ್ಲೆಯೊಳಗೇ ನಿರ್ವಿಷಗೊಳಿಸುವ ಮಾತು ಬಂದಾಗ ಜನ ಒಪ್ಪಲಿಲ್ಲ. ಇಪ್ಪತ್ತು ವರ್ಷ ಸರಕಾರದ ‘ಏನೂ ಆಗುವುದಿಲ್ಲ’ ಎಂಬ ಮಾತು ಕೇಳಿ ಬಂದ ಜನ ಅವರು. ಡ್ರಮ್ಮುಗಳು ಮತ್ತೆ ವರ್ಷಗಟ್ಟಲೆ ಅಲ್ಲೇ ಇದ್ದವು. ತ್ಯಾಜ್ಯವನ್ನು ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳಬಾರದು ಎನ್ನುವ ನಿಯಮವೂ ಅದೇ ದೇಶದಲ್ಲಿ ಇತ್ತು.

ಇನ್ನೊಂದು ಆರೋಪ ಇದಕ್ಕಿಂತ ಭಯ ಹುಟ್ಟಿಸುವಂಥದ್ದು. ಕರ್ನಾಟಕದ ಗಡಿಗೆ ತಾಗಿರುವ ಮಿಂಚಿಪದವಿನಲ್ಲಿ, ತೋಟದೊಳಗಿನ ಪಾಳು ಬಾವಿಗೆ ಉಳಿದ ಎಂಡೋಸಲ್ಫಾನನ್ನು ಹಾಕಿ ಮುಚ್ಚಿದ್ದಾರೆ ಎಂಬುದು ಆ ದೂರು. ಉಡುಪಿಯ ಡಾ. ರವೀಂದ್ರನಾಥ ಶಾನುಭಾಗರು ಇದನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಒಯ್ದರು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯವರು ಬಂದು ಮಣ್ಣು, ನೀರಿನ ಮಾದರಿ ತೆಗೆದರು. ಗುಡ್ಡದ ಮೇಲಿನ ಮಳೆ ನೀರಿಗೆ ರಾಜ್ಯದ ಗಡಿ ಗೊತ್ತಿಲ್ಲ. ಆಚೆ ಕಾಸರಗೋಡು, ಈಚೆ ಪುತ್ತೂರು, ಎರಡೂ ಕಡೆ ನಮ್ಮವರ ಮನೆಗಳಿವೆ. ಎಷ್ಟು ಲೀಟರ್ ಬಂತು, ಎಷ್ಟು ಸಿಂಪಡಿಸಿದರು, ಎಷ್ಟು ಉಳಿಯಿತು ಎಂಬ ಲೆಕ್ಕವನ್ನು ಆವತ್ತೇ ಜನರ ಮುಂದೆ ಇಟ್ಟಿದ್ದರೆ ಇಷ್ಟು ವರ್ಷದ ಮೇಲೆ ಬಾವಿಯ ಮಣ್ಣನ್ನು ಕೇಳುವ ಪಾಡು ಇರುತ್ತಿರಲಿಲ್ಲ.

ಈಗಿನ ನಿಯಮ ಮತ್ತು ನಮ್ಮ ಅಂಗಡಿ

ಈಗ ಜಾರಿಯಲ್ಲಿ ಇರುವುದು 1989ರ ನಿಯಮವಲ್ಲ. 2008ರಲ್ಲಿ ಅದರ ಜಾಗಕ್ಕೆ ಹೊಸದು ಬಂತು, 2016ರ ಏಪ್ರಿಲ್ 4ರಂದು ಇನ್ನೂ ಹೊಸದು ಬಂತು. 2016ರ ಪಟ್ಟಿಯಲ್ಲಿ ಅವಧಿ ಮೀರಿದ ಕೀಟನಾಶಕದ ಹೆಸರು ನೇರವಾಗಿ ಇದೆ. ರಾಸಾಯನಿಕ ಅಂಟಿದ ಖಾಲಿ ಬ್ಯಾರಲ್, ಡಬ್ಬಿಗಳ ಹೆಸರೂ ಇದೆ.

ಸಾಗಾಟಕ್ಕೆ ಮ್ಯಾನಿಫೆಸ್ಟ್ ಎಂಬ ರಹದಾರಿ ಬೇಕು. ಅದಕ್ಕೆ ಏಳು ಪ್ರತಿ, ಏಳು ಬಣ್ಣ. ಬಿಳಿ ಪ್ರತಿ ಕಳಿಸುವವನಿಂದ ಮಂಡಳಿಗೆ. ಹಳದಿ, ಲಾರಿಯವನ ಸಹಿ ಹಾಕಿಸಿ ಕಳಿಸುವವನ ಹತ್ತಿರವೇ. ಗುಲಾಬಿ ತೆಗೆದುಕೊಂಡವನಿಗೆ, ಕಿತ್ತಳೆ ಲಾರಿಯವನಿಗೆ. ಹಸಿರು ಪ್ರತಿ ತೆಗೆದುಕೊಂಡವನಿಂದ ಮಂಡಳಿಗೆ, ನೀಲಿ ವಾಪಸು ಕಳಿಸಿದವನಿಗೆ. ಬೇರೆ ರಾಜ್ಯಕ್ಕೆ ಹೋದರೆ ಬೂದು ಬಣ್ಣದ ಏಳನೆಯದು ಕಳಿಸಿದ ರಾಜ್ಯದ ಮಂಡಳಿಗೆ. ಹೊರಟ ವಿಷ ತಲುಪಿತು ಎಂಬುದಕ್ಕೆ ಎರಡೂ ತುದಿಯಲ್ಲಿ ಸಾಕ್ಷಿ ಇರಲಿ ಎಂಬುದೇ ಇದರ ಉದ್ದೇಶ. ತಲಪಾಡಿ ಗೇಟು ದಾಟುವ ಲಾರಿಯ ಡ್ರೈವರ್ ನಮ್ಮವನೇ ಆಗಿದ್ದರೆ, ಆ ಕಿತ್ತಳೆ ಕಾಗದ ಅವನ ರಕ್ಷಣೆಗೂ ಇದೆ. ಕಾಗದ ಇಲ್ಲದೆ ‘ಬರೀ ಖಾಲಿ ಡ್ರಮ್ಮು’ ಎಂದು ಹೇರಿಸಿದರೆ ಸಿಕ್ಕಿಬೀಳುವುದು ಡ್ರೈವರ್, ಹೇರಿಸಿದವನಲ್ಲ.

ಗುಜರಿ ಅಂಗಡಿಯವರಿಗೂ ಇದೇ ಮಾತು. ಕಾರ್ಖಾನೆಯ ರಾಸಾಯನಿಕದ ಬ್ಯಾರಲ್, ಹಳೆ ಎಂಜಿನ್ ಆಯಿಲ್ ಇವೆಲ್ಲ ತೂಕಕ್ಕೆ ಒಳ್ಳೆಯ ಸಾಮಾನು, ಆದರೆ ಅಧಿಕಾರ ಪತ್ರ ಇಲ್ಲದೆ ಇಟ್ಟುಕೊಳ್ಳುವಂಥದ್ದಲ್ಲ. ಬ್ಯಾಟರಿಗೆ 2001ರಿಂದಲೇ ಬೇರೆ ನಿಯಮ ಇದೆ, 2022ರಲ್ಲಿ ಅದೂ ಹೊಸದಾಯಿತು. ಬ್ಯಾರಲ್ ತೊಳೆದ ನೀರು ಹೋಗುವುದು ಅಂಗಡಿಯ ಹಿಂದಿನ ತೋಡಿಗೆ, ಅಲ್ಲಿಂದ ಕೆಳಗಿನ ಮನೆಯ ಬಾವಿಗೆ. ಆ ಡ್ರಮ್ಮನ್ನೇ ಕೊಯ್ದು ಮದುವೆ ಮನೆಯಲ್ಲಿ ನೀರು ತುಂಬಿಸಲು ಇಡುವುದನ್ನೂ ನಾವು ಕಂಡಿದ್ದೇವೆ. ಅದು ನಿಲ್ಲಬೇಕು.

2017ರ ಜನವರಿ 10ರಂದು ಸುಪ್ರೀಂ ಕೋರ್ಟ್ ಎಂಡೋಸಲ್ಫಾನ್ ಪೀಡಿತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಕೇರಳ ಸರಕಾರಕ್ಕೆ ಆದೇಶಿಸಿತು. ಮೂರು ತಿಂಗಳ ಗಡುವು ಕೊಟ್ಟಿದ್ದರೂ ಹಣಕ್ಕಾಗಿ ಜನ ಮತ್ತೆ ಕೋರ್ಟಿನ ಬಾಗಿಲು ತಟ್ಟಬೇಕಾಯಿತು. ನೋವಿಗೆ ಪರಿಹಾರ ಕೇಳುವ ಸಂಘಟನೆಗಳು ನಮ್ಮಲ್ಲಿವೆ, ಅವು ಬೇಕು. ಅದರ ಜೊತೆಗೆ ಕಾಗದ ಕೇಳುವ ಅಭ್ಯಾಸವೂ ಬೇಕು. ಊರಿನ ಪಕ್ಕ ಗೋದಾಮು, ಕಾರ್ಖಾನೆ, ಬ್ಯಾರಲ್ ಯಾರ್ಡ್ ಯಾವುದೇ ಬರಲಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರ ಪತ್ರದಲ್ಲಿ ಯಾವ ತ್ಯಾಜ್ಯ, ಎಷ್ಟು, ಎಷ್ಟು ದಿನ, ಕೊನೆಗೆ ಎಲ್ಲಿಗೆ ಎಂದು ಬರೆದಿರುತ್ತದೆ. ಮಾಹಿತಿ ಹಕ್ಕಿನ ಅರ್ಜಿ ಹಾಕಿ ಅದನ್ನು ಕೇಳಬಹುದು. ಪಂಚಾಯತ್ ಸದಸ್ಯರೂ ಜಮಾಅತ್ ಕಮಿಟಿಯೂ ಸೇರಿ ಕೇಳಿದರೆ ಇನ್ನೂ ಒಳ್ಳೆಯದು. ಪಡ್ರೆಯಲ್ಲಿ ಹೆಲಿಕಾಪ್ಟರ್ ಹಾರಿದ ಇಪ್ಪತ್ತು ಚಿಲ್ಲರೆ ವರ್ಷಗಳಲ್ಲಿ ಈ ಪ್ರಶ್ನೆ ಕೇಳಿದವರು ಬೆರಳೆಣಿಕೆಯಷ್ಟು ಮಂದಿ. ಅವರು ಕೇಳಿದ್ದರಿಂದಲೇ ಸಿಂಪಡಣೆ ನಿಂತಿತು.