ಆರು ಪೆನ್ನಿಯ ಬಾಗಿಲು

ನಮ್ಮೂರ ಟೂರಿಂಗ್ ಟಾಕೀಸಿನಲ್ಲಿ ನೆಲ, ಬೆಂಚು, ಕುರ್ಚಿ ಎಂದು ಮೂರು ದರ್ಜೆಗಳಿದ್ದವು. ಡೇರೆಯನ್ನು ತುಂಬುತ್ತಿದ್ದವರು ನೆಲದವರು. ಶಿಳ್ಳೆ, ನಗೆ, ಕಣ್ಣೀರು ಎಲ್ಲವೂ ಅವರವೇ. ಇಂಗ್ಲೆಂಡಿನ ಕಾಲ್ಚೆಂಡಾಟದ ಇತಿಹಾಸವನ್ನು ಓದುವಾಗಲೆಲ್ಲ ನನಗೆ ಆ ನೆಲದ ಟಿಕೇಟು ನೆನಪಾಗುತ್ತದೆ.

ಆ ಆಟ ಜನಸಾಮಾನ್ಯರದಾದದ್ದು ಶನಿವಾರದ ಬಿಡುವಿನಿಂದ. 1850ರ ಕಾರ್ಖಾನೆ ಕಾಯಿದೆಯು ಬಟ್ಟೆಗಿರಣಿಗಳಲ್ಲಿ ಹೆಂಗಸರ ಮತ್ತು ಎಳೆಯರ ದುಡಿಮೆಯನ್ನು ಶನಿವಾರ ಎರಡು ಗಂಟೆಗೆ ನಿಲ್ಲಿಸಿತು. ಕ್ರಮೇಣ ಗಂಡಸರಿಗೂ ಆ ಬಿಡುವು ದಕ್ಕಿತು. ಮೂರು ಗಂಟೆಗೆ ಪಂದ್ಯ ಹೂಡುವ ವಾಡಿಕೆಯ ಬೇರು ಇಲ್ಲಿದೆ.

1888ರಲ್ಲಿ ಹನ್ನೆರಡು ಕ್ಲಬ್ಬುಗಳು ಸೇರಿ ಫುಟ್‌ಬಾಲ್ ಲೀಗನ್ನು ಕಟ್ಟಿದವು. 1890ರಲ್ಲಿ ಪ್ರವೇಶದರ ಆರು ಪೆನ್ನಿಗಿಂತ ಕಡಿಮೆಯಿರಕೂಡದೆಂದು ಗೊತ್ತುಮಾಡಲಾಯಿತು. ಅದು ಕನಿಷ್ಠ ದರವೆಂಬುದು ಗಮನಾರ್ಹ; ಬೆಲೆ ಇಳಿಸಿ ನೆರೆಯವರ ಪ್ರೇಕ್ಷಕರನ್ನು ಸೆಳೆಯುವ ದಾರಿ ಮುಚ್ಚಿತು. ಇದರೊಂದಿಗೆ ಇನ್ನೊಂದು ಕಟ್ಟಳೆಯೂ ಬೆಳೆಯಿತು: ಬಾಗಿಲಲ್ಲಿ ಕೂಡಿದ ಹಣದಲ್ಲಿ ಒಂದು ಪಾಲು, ಬಹುಕಾಲ ಶೇಕಡ 20, ಅತಿಥಿ ತಂಡಕ್ಕೆ ಸಲ್ಲುತ್ತಿತ್ತು. ಮಹಾನಗರದ ಜನಸಂದಣಿಯ ಫಲ ಹೀಗೆ ಸಣ್ಣ ಊರಿಗೂ ಹರಿಯುತ್ತಿತ್ತು. 1983ರಲ್ಲಿ ಆ ಹಂಚಿಕೆ ನಿಂತುಹೋಯಿತು.

ಅಷ್ಟರಲ್ಲಿ ಮೈದಾನಗಳೂ ಬರಿದಾಗಿದ್ದವು. 1948-49ರ ಋತುವಿನಲ್ಲಿ ಲೀಗ್ ಪಂದ್ಯಗಳಿಗೆ ಬಂದವರು ನಾಲ್ಕು ಕೋಟಿಗೂ ಮಿಕ್ಕು. 1985-86ರಲ್ಲಿ ಕೇವಲ ಒಂದು ಕೋಟಿ ಅರುವತ್ತೈದು ಲಕ್ಷದಷ್ಟು. ಮನೆಗೆ ದೂರದರ್ಶನ ಬಂತು, ಬಾಗಿಲಿಗೆ ಕಾರು ಬಂತು. ಕಾರು ಬಂದ ಮೇಲೆ ಊರಿನ ತಂಡವನ್ನೇ ನೋಡಬೇಕೆಂಬ ಕಟ್ಟು ಉಳಿಯಲಿಲ್ಲ. ಅಕ್ರಿಂಗ್ಟನ್ ಎಂಬ ಗಿರಣಿಯೂರಿನ ಪಕ್ಕದ ಬರ್ನ್‌ಲಿ 1960ರಲ್ಲಿ ಲೀಗಿನ ಚಾಂಪಿಯನ್ ಆಯಿತು. ಸಾಲದಲ್ಲಿ ಮುಳುಗಿದ ಅಕ್ರಿಂಗ್ಟನ್ ಸ್ಟ್ಯಾನ್ಲಿ ಕ್ಲಬ್ಬು 1962ರಲ್ಲಿ ಋತುವಿನ ನಡುವೆಯೇ ಲೀಗನ್ನು ತೊರೆಯಿತು. ಮತ್ತೆ ಹುಟ್ಟಿ, ಲೀಗಿಗೆ ಮರಳಲು ಆ ಊರು 2006ರವರೆಗೆ ಕಾಯಬೇಕಾಯಿತು.

ಅಗ್ಗದ ಟಿಕೇಟು ಇದಕ್ಕೆ ಮದ್ದಾದೀತೆ? ಉಣ್ಣೆಯ ಊರಾದ ಬ್ರಾಡ್‌ಫರ್ಡ್ ಇದನ್ನು ಪರೀಕ್ಷಿಸಿ ನೋಡಿತು. 1985ರಲ್ಲಿ ಅಲ್ಲಿನ ಮೈದಾನದ ಮರದ ಅಟ್ಟಣೆಗೆ ಬೆಂಕಿ ಬಿದ್ದು 56 ಜನ ಮಡಿದಿದ್ದರು. ತಂಡ ನಾಲ್ಕನೆಯ ದರ್ಜೆಗೆ ಜಾರಿದ 2007ರಲ್ಲಿ ಕ್ಲಬ್ಬು ಇಡೀ ಋತುವಿನ ಟಿಕೇಟನ್ನು 138 ಪೌಂಡಿಗೆ ಕೊಟ್ಟಿತು. ಪಂದ್ಯವೊಂದಕ್ಕೆ ಆರೇ ಪೌಂಡು. ಸರಾಸರಿ ಪ್ರೇಕ್ಷಕರು ಹದಿಮೂರು ಸಾವಿರವನ್ನು ಮೀರಿದರು. ಗೆಲುವು ಮಾತ್ರ ಜೊತೆಗೆ ಬರಲಿಲ್ಲ. ಮೇಲಿನ ದರ್ಜೆಗೇರಿದ್ದು 2013ರಲ್ಲಿ.

ಬ್ರಾಡ್‌ಫರ್ಡಿಗೆ ಇದು ಸಾಧ್ಯವಾದುದಕ್ಕೆ ಕಾರಣವಿದೆ. ಒಳ್ಳೆಯ ದಿನಗಳಲ್ಲಿ ಕಟ್ಟಿಸಿದ, ಇಪ್ಪತ್ತೈದು ಸಾವಿರ ಜನ ಹಿಡಿಸುವ ಕ್ರೀಡಾಂಗಣ ಅದಕ್ಕಿತ್ತು. ಹೇಗೂ ಖಾಲಿ ಬೀಳುವ ಕುರ್ಚಿಯಿಂದ ಆರು ಪೌಂಡು ಬಂದರೂ ಲಾಭವೇ. ಎರಡು-ಮೂರು ಸಾವಿರ ಜನರನ್ನೇ ನಂಬಿದ ಚಿಕ್ಕ ಕ್ಲಬ್ಬು ದರ ಇಳಿಸಿದರೆ, ಬರುವವರಿಂದ ಬರುವುದೂ ಇಳಿಯುತ್ತದೆ. ಅದಕ್ಕೆ ಬೇಕಾದುದು ಹಳಬರು ಕಂಡುಕೊಂಡಿದ್ದ ಆ ಪಾಲೇ ಎಂದು ನನಗೆ ತೋರುತ್ತದೆ.

ಆದರೂ ಬ್ರಾಡ್‌ಫರ್ಡಿನ ಪಾಠ ಸಣ್ಣದಲ್ಲ. ಸೋಲುವ ತಂಡವನ್ನು ನೋಡಲು ಹದಿಮೂರು ಸಾವಿರ ಜನ ಬರುತ್ತಾರೆಂದರೆ, ಅವರನ್ನು ದೂರವಿಟ್ಟದ್ದು ಸೋಲೊಂದೇ ಆಗಿರಲಾರದು. ನಮ್ಮ ಟಾಕೀಸಿನ ಯಜಮಾನನಿಗೆ ಇದು ತಿಳಿದಿತ್ತು. ಚಿತ್ರ ಎಂಥದೇ ಇರಲಿ, ಆತ ನೆಲದ ದರವನ್ನು ಮಾತ್ರ ಏರಿಸುತ್ತಿರಲಿಲ್ಲ.